ಜೊತೆಯಲ್ಲಿ ಹಾರುವುದೆಂದರೆ

ಹವ್ಯಾಸ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಎರಡು ಅರ್ಥಗಳಿವೆ. ಗಂಡಸಿನ ಹವ್ಯಾಸವೆಂದರೆ ಅವನಿಗೆ ಖುಷಿ ಕೊಡುವ ಕೆಲಸ. ಹೆಂಗಸಿನ ಹವ್ಯಾಸವೆಂದರೆ ಮನೆಗೆ ಉಪಯೋಗಕ್ಕೆ ಬರುವ ಕೆಲಸ. ಅವನು ಇಸ್ಪೀಟು ಆಡಬಹುದು, ದಿನವಿಡೀ ಕ್ರಿಕೆಟ್ ನೋಡಬಹುದು, ಹಳೆಯ ನಾಣ್ಯ ಕೂಡಿಹಾಕಬಹುದು. ಯಾರೂ ಅದರಿಂದ ಏನು ಲಾಭವೆಂದು ಕೇಳುವುದಿಲ್ಲ. ಅವಳು ಕಸೂತಿ ಹಾಕಿದರೆ ಅದು ದಿಂಬಿನ ಚೀಲಕ್ಕಾಗಬೇಕು. ಹೆಣಿಗೆ ಹಿಡಿದರೆ ಮೊಮ್ಮಗನ ಸ್ವೆಟರ್ ಆಗಬೇಕು. ಸಂಗೀತ ಕಲಿತಿದ್ದರೆ ಅದು ಗೌರಿಹಬ್ಬದ ಆರತಿಯ ಹೊತ್ತಿಗೆ ಹೊರಬರಬೇಕು. ಯಾವ ಉಪಯೋಗಕ್ಕೂ ಬಾರದ, ಬರಿಯ ಸಂತೋಷಕ್ಕಾಗಿ ಒಂದು ಗಂಟೆ ಕಳೆದಳೆಂದರೆ, "ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂಬ ಪ್ರಶ್ನೆ ಅಡುಗೆಮನೆಯವರೆಗೂ ಬಂದು ತಟ್ಟುತ್ತದೆ. ಇನ್ನು ಗಂಡಹೆಂಡಿರಿಬ್ಬರೂ ಸೇರಿ ಇಟ್ಟುಕೊಂಡ ಹವ್ಯಾಸವೆಂಬುದಂತೂ ನಮ್ಮ ನಿಘಂಟಿನಲ್ಲೇ ಇಲ್ಲ. ಇಬ್ಬರೂ ಜೊತೆಯಾಗಿ ಹೋಗುವುದು ಮದುವೆ ಮುಂಜಿಗೆ, ದೇವಸ್ಥಾನಕ್ಕೆ, ಆಸ್ಪತ್ರೆಗೆ.

ಈ ಮಾತು ಈಗ ಯಾಕೆ ಬಂತೆಂದು ಹೇಳುತ್ತೇನೆ. ಅಮೆರಿಕದ ಓಹಾಯೋ ರಾಜ್ಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ನೆರೆಮನೆಯ ದಂಪತಿಗಳ ವಿಷಯ ಬರೆದು ಕೆಲವು ಚಿತ್ರಗಳನ್ನು ಕಳಿಸಿದ್ದಳು. ಇಬ್ಬರೂ ಅರವತ್ತು ದಾಟಿದವರು. ಆಕೆ ನನ್ನಂತೆಯೇ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹವೆ ಚೆನ್ನಾಗಿರುವ ಶನಿವಾರ ಬಂತೆಂದರೆ ಇವರು ಮತ್ತು ಇವರ ನಾಲ್ಕಾರು ಸ್ನೇಹಿತರು ಊರಾಚೆಯ ಹುಲ್ಲಿನ ಮೈದಾನಕ್ಕೆ ಹೋಗಿ, ಶೆಡ್ಡಿನಿಂದ ತಮ್ಮ ಪುಟ್ಟ ಪುಟ್ಟ ವಿಮಾನಗಳನ್ನು ಹೊರಗೆ ತಳ್ಳಿ, ಒಂದರ ಹಿಂದೊಂದು ಹಾರಿಸಿಕೊಂಡು ಹೋಗುತ್ತಾರಂತೆ. ಎಲ್ಲವೂ ಎಪ್ಪತ್ತು ಎಂಬತ್ತು ವರ್ಷ ಹಳೆಯವು. ಪಕ್ಕದ ಜಿಲ್ಲೆಯಲ್ಲಿ ಇಳಿದು, ತಿಂಡಿ ತಿಂದು, ಹರಟೆ ಹೊಡೆದು ಮಧ್ಯಾಹ್ನಕ್ಕೆ ವಾಪಸು. ಒಂದು ಚಿತ್ರದಲ್ಲಿ ಆಕೆ ಹಳದಿ ಬಣ್ಣದ ವಿಮಾನದ ಮುಂದೆ ಪ್ರೊಪೆಲರಿನ ಮೇಲೆ ಕೈಯಿಟ್ಟು ನಿಂತಿದ್ದಾರೆ. ಗಂಡ ಒಳಗೆ ಕುಳಿತಿದ್ದಾನೆ.

ಈ ಚಿತ್ರಗಳನ್ನು ನಮ್ಮ ಸ್ಟಾಫ್ ರೂಮಿನಲ್ಲಿ ತೋರಿಸಿದೆ. ಮೂರು ಅಭಿಪ್ರಾಯಗಳು ಬಂದವು. ಗಣಿತದ ಮೇಷ್ಟ್ರು, "ದುಡ್ಡು ಹೆಚ್ಚಾದವರ ಹುಚ್ಚು ಬಿಡಿ ಮೇಡಂ" ಎಂದರು. ಇನ್ನೊಬ್ಬರು, "ಈ ವಯಸ್ಸಿನಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡು ರಾಮಾ ಕೃಷ್ಣಾ ಅಂತ ಇರೋದು ಬಿಟ್ಟು ಇದೇನು?" ಎಂದರು. ಮೂರನೆಯ ಮಾತು ಹೇಳಿದವರು ನನ್ನ ಸಹೋದ್ಯೋಗಿ, ಹೆಂಗಸು: "ಪುಣ್ಯವಂತೆ ಕಣ್ರೀ ಅವಳು. ಗಂಡ ಹೋದಲ್ಲೆಲ್ಲಾ ಜೊತೆಗೆ ಕರಕೊಂಡು ಹೋಗ್ತಾನೆ!"

ಮೂರೂ ಮಾತುಗಳ ಮೇಲೆ ನನಗೆ ಜಗಳವಿದೆ. ಎಲ್ಲಕ್ಕಿಂತ ಹೆಚ್ಚಿನ ಜಗಳ ಮೂರನೆಯದರ ಮೇಲೆ.

ಮೊದಲು ಆ ವಿಮಾನವೆಂದರೆ ಏನೆಂದು ಹೇಳಬೇಕು. ವಿಮಾನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೇವನಹಳ್ಳಿಯಿಂದ ಏಳುವ ದೊಡ್ಡ ಹಕ್ಕಿ. ಇದು ಅದಲ್ಲ. ಇದರ ಹೆಸರು ಪೈಪರ್ ಕಬ್. 1930ರ ದಶಕದ ಕೊನೆಯಿಂದ 1947ರವರೆಗೆ ಅಮೆರಿಕದಲ್ಲಿ ಸುಮಾರು 20,000 ಕಬ್‌ಗಳು ತಯಾರಾದವು. ಎಂಜಿನಿನ ಬಲ 65 ಕುದುರೆ, ಇಂದಿನ ಒಂದು ಸಾಧಾರಣ ಕಾರಿಗಿರುವಷ್ಟೂ ಇಲ್ಲ. ವೇಗ ಗಂಟೆಗೆ 120 ಕಿಲೋಮೀಟರಿನಷ್ಟು. ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು 45 ಲೀಟರ್ ಪೆಟ್ರೋಲು. ಎಷ್ಟು ಉಳಿದಿದೆಯೆಂದು ತಿಳಿಯಲು ಇರುವ ಉಪಕರಣ ಕೇಳಿದರೆ ನಗು ಬರುತ್ತದೆ: ಟ್ಯಾಂಕಿನೊಳಗೆ ತೇಲುವ ಒಂದು ಬೆಂಡು, ಅದಕ್ಕೆ ಸಿಕ್ಕಿಸಿದ ಒಂದು ತಂತಿ. ತಂತಿ ಮುಚ್ಚಳದ ತೂತಿನಿಂದ ಮೇಲಕ್ಕೆ ಚಾಚಿಕೊಂಡಿದ್ದರೆ ಪೆಟ್ರೋಲು ಇದೆ, ಕೆಳಗಿಳಿಯುತ್ತ ಬಂದರೆ ಮುಗಿಯುತ್ತಿದೆ. ಎಣ್ಣೆ ಡಬ್ಬಕ್ಕೆ ಕಡ್ಡಿ ಇಳಿಸಿ ನೋಡುವ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಇನ್ನು ಅದರ ಮೈ. ಲೋಹದ ಎಲುಬುಗೂಡಿನ ಮೇಲೆ ಬಟ್ಟೆ. ಹೌದು, ಬಟ್ಟೆಯೇ. ಹಿಂದೆ ಹತ್ತಿಯದು ಅಥವಾ ನಾರಿನದು ಇರುತ್ತಿತ್ತು, ಈಗ ಹೆಚ್ಚಾಗಿ ಪಾಲಿಯೆಸ್ಟರ್. ರೆಕ್ಕೆಯ ಪಕ್ಕೆಲುಬುಗಳಿಗೆ ಅದನ್ನು ಉದ್ದನೆಯ ಸೂಜಿಯಿಂದ ಹೊಲಿಯುತ್ತಾರೆ. ಕೆಲವೇ ಅಂಗುಲಗಳಿಗೆ ಒಂದೊಂದು ಗಂಟು ಬರಬೇಕು, ಗಂಟಿಂದ ಗಂಟಿಗೆ ದೂರ ಲೆಕ್ಕದಂತೆ ಇರಬೇಕು. ಒಂದು ಗಂಟು ಬಿಚ್ಚಿದರೂ ಉಳಿದ ಹೊಲಿಗೆ ನಿಲ್ಲಬೇಕು. ಆಮೇಲೆ ಬಟ್ಟೆ ಬಿಗಿಯಾಗಲೆಂದು ಮೆರುಗೆಣ್ಣೆಯಂಥದನ್ನು ಪದರ ಪದರವಾಗಿ ಬಳಿಯುತ್ತಾರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಕಾರ್ಖಾನೆಗಳಲ್ಲಿ ರೆಕ್ಕೆ ಹೊಲಿದವರಲ್ಲಿ ಹೆಂಗಸರೇ ಬಹಳ. ಅವರ ಹೊಲಿಗೆಯನ್ನು ನಂಬಿ ಗಂಡಸರು ಆಕಾಶಕ್ಕೆ ಹೋದರು. ಹಾರಿದವರ ಹೆಸರು ಪುಸ್ತಕಗಳಲ್ಲಿದೆ. ಹೊಲಿದವರದು ಇಲ್ಲ.

ಈಗ ಗಣಿತದ ಮೇಷ್ಟ್ರ ಮಾತಿಗೆ ಬರುತ್ತೇನೆ. ದುಡ್ಡು ಹೆಚ್ಚಾದವರ ಹುಚ್ಚು. ದುಡ್ಡು ಬೇಕು, ಸುಳ್ಳು ಹೇಳುವುದಿಲ್ಲ. ಒಂದು ಹಳೆಯ ಕಬ್‌ಗೆ ಅಲ್ಲಿಯ ಒಳ್ಳೆಯ ಹೊಸ ಕಾರಿನ ಬೆಲೆಯಾಗುತ್ತದೆ. ಗಂಟೆಗೆ ಹದಿನೇಳು ಹದಿನೆಂಟು ಲೀಟರ್ ಪೆಟ್ರೋಲು ಕುಡಿಯುತ್ತದೆ. ವರ್ಷಕ್ಕೊಮ್ಮೆ ಪರವಾನಗಿ ಪಡೆದ ಮೆಕ್ಯಾನಿಕ್‌ನಿಂದ ಪೂರ್ತಿ ತಪಾಸಣೆಯಾಗಬೇಕು, ಅದು ಅಲ್ಲಿಯ ಕಾನೂನು. ಅದಕ್ಕೇ ಎಷ್ಟೋ ಮಂದಿ ನಾಲ್ಕೈದು ಜನ ಸೇರಿ ಒಂದು ವಿಮಾನ ಕೊಳ್ಳುತ್ತಾರೆ, ಖರ್ಚು ಹಂಚಿಕೊಳ್ಳುತ್ತಾರೆ. ನಮ್ಮಲ್ಲಿ ನಾಲ್ಕು ಮನೆಯವರು ಸೇರಿ ಒಂದು ಬೋರ್‌ವೆಲ್ ಹಾಕಿಸಿದಂತೆ. ಇದನ್ನು ಮದವೆನ್ನುವ ನಾವು ಏನು ಮಾಡುತ್ತೇವೆ? ಮಗಳ ಮದುವೆಯೆಂದು ಎರಡು ದಿನದ ಛತ್ರಕ್ಕೆ, ಹೂವಿನ ಮಂಟಪಕ್ಕೆ, ಯಾರೂ ಪೂರ್ತಿ ತಿನ್ನದ ಇಪ್ಪತ್ತೆಂಟು ಬಗೆಯ ಊಟಕ್ಕೆ ಜೀವಮಾನದ ಉಳಿತಾಯ ಸುರಿಯುತ್ತೇವೆ. ಯಾರೂ ವಾಸಿಸದ ಎರಡನೆಯ ಮನೆ ಕಟ್ಟಿಸಿ ಬೀಗ ಹಾಕುತ್ತೇವೆ. ಲಾಕರಿನಲ್ಲಿ ಚಿನ್ನವಿಟ್ಟು ಅದಕ್ಕೆ ಬಾಡಿಗೆ ಕಟ್ಟುತ್ತೇವೆ. ಅದು ಹುಚ್ಚಲ್ಲ, ಅದು ಮರ್ಯಾದೆ! ಗಂಡಹೆಂಡತಿ ತಾವು ದುಡಿದ ಹಣದಲ್ಲಿ ತಮ್ಮ ಸಂತೋಷಕ್ಕೆ ಒಂದಿಷ್ಟು ಖರ್ಚು ಮಾಡಿದರೆ ಮಾತ್ರ ಹುಚ್ಚು. ಖರ್ಚಿನ ಮೇಲಲ್ಲ ನಮ್ಮ ಸಿಟ್ಟು, ಸಂತೋಷದ ಮೇಲೆ.

ಎರಡನೆಯ ಆಕ್ಷೇಪ ವಯಸ್ಸಿನದು. ಅರವತ್ತಾದ ಮೇಲೆ ಹೆಂಗಸು ಏನು ಮಾಡಬೇಕೆಂಬುದನ್ನು ನಮ್ಮ ಸಮಾಜ ಮೊದಲೇ ಬರೆದಿಟ್ಟಿದೆ. ಮಗಳ ಬಾಣಂತನ, ಸೊಸೆಯ ಬಾಣಂತನ, ಆಮೇಲೆ ಮೊಮ್ಮಕ್ಕಳು. ಅಮೆರಿಕಕ್ಕೆ ವಿಮಾನ ಹತ್ತುವ ನಮ್ಮ ಎಷ್ಟು ಜನ ತಾಯಂದಿರು ಬಾಣಂತನಕ್ಕಲ್ಲದೆ ಬೇರೆ ಕಾರಣಕ್ಕೆ ಹತ್ತಿದ್ದಾರೆ, ನೀವೇ ಲೆಕ್ಕ ಹಾಕಿ. ಮೊಮ್ಮಕ್ಕಳನ್ನು ಆಡಿಸುವುದು ಸಂತೋಷದ ಕೆಲಸವೇ. ಆದರೆ ಅದೊಂದೇ ಸಂತೋಷವೆಂದು ನಿರ್ಧರಿಸಿದವರು ಯಾರು? ಅಮೆರಿಕದ ಹಳೆಯ ವಿಮಾನಗಳ ಸಂಘದವರು ವಿಮಾನಗಳನ್ನು ವಯಸ್ಸಿನಂತೆ ವಿಂಗಡಿಸಿದ್ದಾರೆ. 1945ರ ಆಗಸ್ಟ್ ಮುಗಿಯುವ ಮೊದಲು ತಯಾರಾದದ್ದು ಪುರಾತನ, ಅಲ್ಲಿಂದ 1955ರವರೆಗಿನದು ಕ್ಲಾಸಿಕ್, 1956ರಿಂದ 1970ರವರೆಗಿನದನ್ನು ಇನ್ನೂ ಸಮಕಾಲೀನವೆಂದೇ ಕರೆಯುತ್ತಾರೆ. ಆ ಲೆಕ್ಕದಲ್ಲಿ 1970ಕ್ಕೆ ಮೊದಲು ಹುಟ್ಟಿದ ನಾನೂ ಸಮಕಾಲೀನಳೇ. ಪ್ರತಿ ವರ್ಷ ತಪಾಸಣೆ ಮಾಡಿ, ಸವೆದದ್ದನ್ನು ಬದಲಾಯಿಸಿ, ಹಾರಲು ಯೋಗ್ಯವೆಂದು ಬರೆದುಕೊಟ್ಟ ಮೇಲೆ ಅಲ್ಲಿ ಯಾರೂ ವಿಮಾನದ ವಯಸ್ಸು ಎಣಿಸುವುದಿಲ್ಲ. ನಮ್ಮಲ್ಲಿ ಹೆಂಗಸಿನ ಮಂಡಿ, ಕಣ್ಣು, ಹೃದಯ ಎಲ್ಲ ಸರಿಯಿದ್ದರೂ ವಯಸ್ಸು ಒಂದೇ ಸಾಕು, ಶೆಡ್ಡಿಗೆ ತಳ್ಳಲು.

ಇನ್ನು ಮೂರನೆಯ ಮಾತು. "ಗಂಡ ಜೊತೆಗೆ ಕರಕೊಂಡು ಹೋಗ್ತಾನೆ." ಹೇಳಿದವರು ಪ್ರೀತಿಯಿಂದಲೇ ಹೇಳಿದರು. ಆದರೆ ಆ ಚಿತ್ರದಲ್ಲಿ ಏನು ನಡೆಯುತ್ತಿದೆಯೆಂದು ನೋಡಿ. ಸ್ಟಾರ್ಟರ್ ಇಲ್ಲದ ವಿಮಾನವನ್ನು ಹೊರಡಿಸುವುದು ಹೇಗೆ? ಒಬ್ಬರು ಒಳಗೆ ಕುಳಿತು ಬ್ರೇಕು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಹೊರಗೆ ನಿಂತು ಪ್ರೊಪೆಲರನ್ನು ಕೈಯಿಂದ ಬೀಸಬೇಕು. ಹೊರಗಿನವರು "ಸ್ವಿಚ್ ಆಫ್?" ಎಂದು ಕೂಗಿ ಕೇಳುತ್ತಾರೆ. ಒಳಗಿನವರು ನೋಡಿ, ಮುಟ್ಟಿ, "ಸ್ವಿಚ್ ಆಫ್" ಎಂದು ಉತ್ತರಿಸುತ್ತಾರೆ. ಎಲ್ಲ ಸಿದ್ಧವಾದ ಮೇಲೆ ಹೊರಗಿನವರು "ಕಾಂಟ್ಯಾಕ್ಟ್" ಎನ್ನುತ್ತಾರೆ, ಒಳಗಿನವರು ಸ್ವಿಚ್ ಹಾಕಿ ಅದೇ ಮಾತನ್ನು ತಿರುಗಿ ಹೇಳುತ್ತಾರೆ. ಆಗ ಬೀಸಬೇಕು, ಬೀಸಿ ತಕ್ಷಣ ಹಿಂದೆ ಸರಿಯಬೇಕು. ಒಳಗಿನವರು ಸ್ವಿಚ್ ವಿಷಯದಲ್ಲಿ ಒಂದು ಸುಳ್ಳು ಹೇಳಿದರೆ, ಒಂದು ಕ್ಷಣ ಮೈಮರೆತರೆ ಹೊರಗೆ ನಿಂತವರ ಕೈ ಹೋಗುತ್ತದೆ, ಕೆಲವೊಮ್ಮೆ ತಲೆಯೇ ಹೋಗುತ್ತದೆ. ಕೇಳಿದ್ದಕ್ಕೆ ಸರಿಯಾದ ಉತ್ತರ ಬರುತ್ತದೆಂಬ ನಂಬಿಕೆಯ ಮೇಲೆ ನಿಂತಿರುವ ಹೆಂಗಸು ಆಕೆ. ಆಕೆಯನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗುತ್ತಿಲ್ಲ.

ಕಬ್‌ನಲ್ಲಿ ಎರಡು ಸೀಟು, ಒಂದರ ಹಿಂದೆ ಒಂದು. ಎರಡರ ಮುಂದೆಯೂ ನಿಯಂತ್ರಣದ ಕೋಲು ಇದೆ, ಎರಡರ ಕೆಳಗೂ ಕಾಲಿನ ಪೆಡಲುಗಳಿವೆ. ಎರಡೂ ಒಳಗಿಂದೊಳಗೆ ಜೋಡಣೆಯಾಗಿವೆ. ಮುಂದಿನವರು ಕೋಲನ್ನು ಎಡಕ್ಕೆ ವಾಲಿಸಿದರೆ ಹಿಂದಿನದೂ ವಾಲುತ್ತದೆ. ಒಬ್ಬರೇ ಹಾರಿಸುವಾಗ ಹಿಂದಿನ ಸೀಟಿನಲ್ಲೇ ಕೂರಬೇಕು, ಪೆಟ್ರೋಲಿನ ಟ್ಯಾಂಕು ಮುಂದಿರುವುದರಿಂದ ತೂಕ ಸಮವಾಗಲು ಹಾಗೆ. ಎಂದರೆ ಮುಂದೆ ಕುಳಿತವರೇ ಯಜಮಾನರು ಎಂಬ ನಿಯಮ ಅಲ್ಲಿಲ್ಲ. ಇಪ್ಪತ್ತೆಂಟು ವರ್ಷ ನಮ್ಮವರ ಸ್ಕೂಟರಿನ ಹಿಂದೆ ಎರಡೂ ಕಾಲು ಒಂದೇ ಪಕ್ಕಕ್ಕೆ ಹಾಕಿ ಕುಳಿತವಳು ನಾನು. ಆ ಸೀಟಿನಿಂದ ಕಾಣುತ್ತಿದ್ದದ್ದು ಅವರ ಅಂಗಿಯ ಕಾಲರು ಮತ್ತು ರಸ್ತೆಯ ಒಂದೇ ಬದಿ. ಹಿಂದಿನ ಸೀಟಿನಲ್ಲೂ ಒಂದು ಕೋಲು ಇರಬಹುದೆಂಬ ಕಲ್ಪನೆ ನಮ್ಮ ಸ್ಕೂಟರ್ ಮಾಡಿದವರಿಗೆ ಬರಲಿಲ್ಲ.

ಕೋಲು ಎರಡಿದ್ದರೂ ಮಾತು ಒಂದೇ ದಾರಿಯಲ್ಲಿ ಹರಿದ ಕಾಲವೂ ವಿಮಾನಗಳಲ್ಲಿ ಇತ್ತು. ತೆರೆದ ವಿಮಾನಗಳಲ್ಲಿ ಎಂಜಿನಿನ ಮತ್ತು ಗಾಳಿಯ ಸದ್ದಿಗೆ ಏನೂ ಕೇಳುವುದಿಲ್ಲ. ಅದಕ್ಕಾಗಿ ಇಂಗ್ಲೆಂಡಿನ ಗಾಸ್‌ಪೋರ್ಟ್ ಊರಿನ ತರಬೇತಿ ಶಾಲೆಯಲ್ಲಿ ಮೊದಲನೆಯ ಮಹಾಯುದ್ಧದ ಹೊತ್ತಿಗೆ ಒಂದು ರಬ್ಬರಿನ ಕೊಳವೆ ಬಳಕೆಗೆ ಬಂತು. ಡಾಕ್ಟರ ಸ್ಟೆತಾಸ್ಕೋಪಿನಂತೆ ಕಿವಿಗೆ ಬಂದು ಕೂರುವ ಕೊಳವೆ, ಅದರ ಹೆಸರೇ ಗಾಸ್‌ಪೋರ್ಟ್. ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಅಮೆರಿಕನ್ ಹುಡುಗರು ಸ್ಟಿಯರ್‌ಮನ್ ಎಂಬ ಎರಡು ಅಂತಸ್ತಿನ ರೆಕ್ಕೆಯ ವಿಮಾನದಲ್ಲಿ ಕಲಿಯುವಾಗ ಈ ಕೊಳವೆಯಿಂದ ಗುರು ಹೇಳುತ್ತಿದ್ದ, ಶಿಷ್ಯ ಕೇಳುತ್ತಿದ್ದ. ಶಿಷ್ಯನಿಗೆ ತಿರುಗಿ ಹೇಳಲು ಕೊಳವೆಯಿಲ್ಲ. ತಲೆಯಾಡಿಸಬೇಕು, ಗುರು ಕನ್ನಡಿಯಲ್ಲಿ ಅದನ್ನು ನೋಡಬೇಕು. ಇದನ್ನು ಓದಿದಾಗ ನನಗೆ ನಮ್ಮ ಎಷ್ಟೋ ಸಂಸಾರಗಳು ನೆನಪಾದವು. ಅಲ್ಲಿ ಕೊಳವೆ ಇದೆ, ಮಾತು ಬರುತ್ತದೆ, ಹೋಗುವುದಿಲ್ಲ. ಇಂದು ಈ ಹಳೆಯ ವಿಮಾನಗಳನ್ನು ಹಾರಿಸುವವರಲ್ಲಿ ಹೆಚ್ಚಿನವರು ಕಿವಿಗೂ ಬಾಯಿಗೂ ಯಂತ್ರವಿರುವ ಹೆಡ್‌ಸೆಟ್ ಹಾಕಿಕೊಂಡು ಇಬ್ಬರೂ ಮಾತಾಡುತ್ತಾರೆ. ವಿಮಾನ ಹಳೆಯದಿರಲಿ, ಕೊಳವೆ ಹಳೆಯದಿರಬಾರದು.

ಅಮೆರಿಕದಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ವಿದ್ಯಾರ್ಥಿಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಅಲ್ಲಿ ಇವತ್ತಿಗೂ ನೂರು ಪೈಲಟ್‌ಗಳಲ್ಲಿ ಹತ್ತು ಮಂದಿ ಹೆಂಗಸರಿಲ್ಲ. ಖಾಸಗಿ ವಿಮಾನ ಹಾರಿಸುವವರ ಸಂಘವೊಂದು 1960ರ ದಶಕದಿಂದ ಒಂದು ತರಬೇತಿ ನಡೆಸಿಕೊಂಡು ಬಂದಿತು. ಹೆಸರು 'ಪಿಂಚ್ ಹಿಟರ್'. ಅದು ಬೇಸ್‌ಬಾಲ್ ಆಟದ ಮಾತು, ಆಡುವವನ ಬದಲಿಗೆ ಬ್ಯಾಟು ಹಿಡಿಯಲು ಕರೆಸುವ ಆಟಗಾರ ಎಂದರ್ಥ. ಹಾರಿಸುತ್ತಿರುವ ಗಂಡನಿಗೆ ಮೇಲೆ ಏನಾದರೂ ಆದರೆ ಪಕ್ಕದಲ್ಲಿರುವ ಹೆಂಡತಿ ವಿಮಾನವನ್ನು ಕೆಳಗಿಳಿಸುವಷ್ಟು ಕಲಿಸುವುದು ಅದರ ಉದ್ದೇಶ. ಒಳ್ಳೆಯ ಕೆಲಸವೇ. ಆದರೆ ಆ ಹೆಸರು ನೋಡಿ! ಅವನು ಬಿದ್ದರೆ ಮಾತ್ರ ಅವಳ ಕೈಗೆ ಕೋಲು. ನಮ್ಮ ಕಡೆ ಗಂಡ ಹೋದ ಮೇಲೆ ಬ್ಯಾಂಕಿನ ಪಾಸ್‌ಬುಕ್ ಹುಡುಕುವ ಹೆಂಗಸರಿಲ್ಲವೇ? ವಿಮೆಯ ಕಾಗದ ಯಾವ ಬೀರುವಿನಲ್ಲಿದೆ, ಸೈಟಿನ ಕಂದಾಯ ಎಲ್ಲಿ ಕಟ್ಟುವುದು ಎಂದು ಹದಿಮೂರನೆಯ ದಿನ ಕಳೆದ ಮೇಲೆ ಕಲಿಯುವವರು! ನಾವೆಲ್ಲ ಬದಲಿ ಆಟಗಾರರೇ.

ಹಾಗಿದ್ದೂ ಅಷ್ಟಾದರೂ ಕಲಿತಿರುವುದಕ್ಕೆ ಬೆಲೆಯಿದೆ. 2012ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಂಬತ್ತು ವರ್ಷದ ಅಜ್ಜಿಯೊಬ್ಬರು, ಜೊತೆಯಲ್ಲಿ ಹಾರಿಸುತ್ತಿದ್ದ ಗಂಡ ದಾರಿಯಲ್ಲೇ ಕುಸಿದಾಗ, ಎರಡು ಎಂಜಿನಿನ ಸೆಸ್ನಾ ವಿಮಾನವನ್ನು ತಾವೇ ಇಳಿಸಿದರು. ಪೆಟ್ರೋಲು ಮುಗಿಯುತ್ತ ಬಂದಿತ್ತು. ಇನ್ನೊಬ್ಬ ಪೈಲಟ್ ತನ್ನ ವಿಮಾನದಲ್ಲಿ ಪಕ್ಕದಲ್ಲೇ ಹಾರುತ್ತ ರೇಡಿಯೋದಲ್ಲಿ ದಾರಿ ಹೇಳಿದ. ಇಳಿಯುವಾಗ ವಿಮಾನದ ಮೂಗು ನೆಲಕ್ಕೆ ಬಡಿಯಿತು, ಆದರೆ ಅವರು ಬದುಕಿದರು. ಗಂಡ ಉಳಿಯಲಿಲ್ಲ. ಹಲವು ವರ್ಷಗಳ ಹಿಂದೆ ಗಂಡನೇ ಒತ್ತಾಯ ಮಾಡಿ ಅವರಿಗೆ ವಿಮಾನ ಏರಿಸಿ ಇಳಿಸುವುದನ್ನು ಕಲಿಸಿದ್ದನಂತೆ. ಗಂಡ ಹೆಂಡತಿಗೆ ಕೊಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದು ಯಾವ ಒಡವೆಯಿದೆ?

ಕೋಲು ಎರಡೂ ಕೈಯಲ್ಲಿದ್ದರೆ ಸಂಸಾರ ತಾನಾಗಿ ನೆಟ್ಟಗಾಗುತ್ತದೆ ಎಂದೂ ಅಲ್ಲ. 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಜಿಪ್ಸಿ ಮಾತ್ ವಿಮಾನದಲ್ಲಿ ಒಬ್ಬಳೇ ಹಾರಿಹೋದ ಏಮಿ ಜಾನ್ಸನ್ 1932ರಲ್ಲಿ ಜಿಮ್ ಮಾಲಿಸನ್ ಎಂಬ ಪೈಲಟ್‌ನನ್ನೇ ಮದುವೆಯಾದಳು. ಅದೇ ವರ್ಷ ಕೇಪ್‌ಟೌನಿಗೆ ಹಾರಿ ಗಂಡನ ದಾಖಲೆಯನ್ನೇ ಮುರಿದಳು. 1934ರ ಆಸ್ಟ್ರೇಲಿಯಾ ಪಂದ್ಯದಲ್ಲಿ ಇಬ್ಬರೂ ಒಂದೇ ವಿಮಾನದಲ್ಲಿ ಕರಾಚಿಯವರೆಗೆ ಎಲ್ಲರಿಗಿಂತ ಮುಂದೆ ಬಂದು, ಅಲಹಾಬಾದಿನಲ್ಲಿ ಎಂಜಿನು ಕೆಟ್ಟು ನಿಂತರು. 1938ರಲ್ಲಿ ವಿಚ್ಛೇದನವಾಯಿತು. ಇಬ್ಬರಿಗೂ ಹಾರಲು ಬರುತ್ತಿತ್ತು. ಆದರೆ ಅವರದು ಹವ್ಯಾಸವಲ್ಲ, ಪಂದ್ಯ. ಪತ್ರಿಕೆಯವರೂ ಹಣ ಹಾಕಿದವರೂ ಹಿಂದೆ ಬಿದ್ದಿದ್ದ ಹಾರಾಟ. ಪಂದ್ಯದಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಬೇಕು. ಶನಿವಾರ ಬೆಳಿಗ್ಗೆ ತಿಂಡಿ ತಿನ್ನಲು ಹಾರಿಹೋಗುವವರಿಗೆ ಆ ಕಷ್ಟವಿಲ್ಲ.

ಇಲ್ಲಿಗೆ ಸ್ನೇಹಿತರ ವಿಷಯ ಬಂತು. ನನ್ನ ವಿದ್ಯಾರ್ಥಿನಿಯ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ. ಈ ಹಳೆಯ ವಿಮಾನದವರು ಒಬ್ಬೊಬ್ಬರೇ ಹಾರುವುದು ಕಡಿಮೆ. ಯಾವುದೋ ಹುಲ್ಲಿನ ಮೈದಾನದಲ್ಲಿ ಸೇರುವುದು, ದೋಸೆಯಂಥ ಪ್ಯಾನ್‌ಕೇಕ್ ಹುಯ್ದು ಬಡಿಸುವುದು, ಒಬ್ಬರ ವಿಮಾನದ ಬಟ್ಟೆ ಹರಿದರೆ ಇನ್ನೊಬ್ಬರು ಬಂದು ಹೊಲಿದುಕೊಡುವುದು, ಇವೇ ಅವರ ವಾರದ ಸಂಭ್ರಮ. ಇಂಥವರ ಅತಿ ದೊಡ್ಡ ಜಾತ್ರೆ ವಿಸ್ಕಾನ್ಸಿನ್‌ನ ಓಷ್‌ಕೋಷ್ ಊರಿನಲ್ಲಿ ಪ್ರತಿ ಜುಲೈ ಕೊನೆಗೆ ನಡೆಯುತ್ತದೆ, ಹತ್ತು ಸಾವಿರದಷ್ಟು ವಿಮಾನಗಳು ಬಂದಿಳಿಯುತ್ತವೆ. ಅದನ್ನು ನಡೆಸುವ ಸಂಘ 1953ರಲ್ಲಿ ಹುಟ್ಟಿತು. ಸ್ಥಾಪಕರು ಯಾರೆಂದರೆ ಪಾಲ್ ಪೋಬೆರೆಜ್ನಿ ಎಂಬ ಉತ್ತರ ಬರುತ್ತದೆ. ಮೊದಲ ವರ್ಷಗಳಲ್ಲಿ ಅದರ ಕಚೇರಿ ಅವರ ಮನೆಯ ನೆಲಮಾಳಿಗೆ. ಅಲ್ಲಿ ಕುಳಿತು ಸದಸ್ಯರ ಪತ್ರ, ಲೆಕ್ಕಪತ್ರ ನೋಡಿಕೊಂಡವರು ಅವರ ಹೆಂಡತಿ ಆಡ್ರಿ. ಆಡ್ರಿಯ ಹೆಸರನ್ನು ಅಲ್ಲಿಯವರು ಈಗ ಗೌರವದಿಂದ ನೆನೆಯುತ್ತಾರೆ, ಆದರೆ ಎರಡನೆಯ ಹೆಸರಾಗಿಯೇ.

ನಮ್ಮಲ್ಲಿ 'ಫ್ಯಾಮಿಲಿ ಫ್ರೆಂಡ್ಸ್' ಎಂದರೆ ಯಾರು? ಅವರ ಆಫೀಸಿನವರು, ಅವರ ಜೊತೆ ಓದಿದವರು. ಅವರ ಹೆಂಡಂದಿರು ನಮಗೆ ಸ್ನೇಹಿತೆಯರು, ಅದೂ ಗಂಡಂದಿರು ವರ್ಗವಾಗುವವರೆಗೆ. ಗಂಡಸರು ಹೊರಗೆ ಕುಳಿತು ರಾಜಕೀಯ ಮಾತಾಡುತ್ತಾರೆ, ನಾವು ಒಳಗೆ ಬೋಂಡಾ ಕರಿಯುತ್ತ ಸೊಸೆಯರ ವಿಷಯ ಮಾತಾಡುತ್ತೇವೆ. ನನ್ನ ಕಾಲೇಜಿನ ಗೆಳತಿಯರಲ್ಲಿ ಎಷ್ಟು ಜನರ ವಿಳಾಸ ನನ್ನ ಬಳಿ ಉಳಿದಿತ್ತು? ಮದುವೆಯೆಂಬ ಒಂದು ರಬ್ಬರಿನಿಂದ ಎಲ್ಲ ಅಳಿಸಿಹೋಗಿತ್ತು. ಗಂಡಹೆಂಡತಿ ಇಬ್ಬರೂ ಕೈಹಾಕುವ ಒಂದು ಕೆಲಸವಿದ್ದರೆ ಅದರ ಸುತ್ತ ಸೇರುವವರು ಇಬ್ಬರಿಗೂ ಸ್ನೇಹಿತರಾಗುತ್ತಾರೆ. ಆಗ ಒಳಗೆ ಹೊರಗೆ ಎಂಬುದಿರುವುದಿಲ್ಲ.

ಅಪಾಯವಿಲ್ಲವೇ ಎಂದು ಕೇಳುವವರಿದ್ದೀರಿ. ಇದೆ. 2018ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 1939ರ ಯುಂಕರ್ಸ್ ವಿಮಾನ ಬಿದ್ದು ಒಳಗಿದ್ದ 20 ಜನರೂ ಸತ್ತರು. 2019ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಯುದ್ಧಕಾಲದ ಬಿ-17 ಬಿದ್ದು 7 ಜನ ಸತ್ತರು. ಎರಡೂ ಹಣ ಪಡೆದು ಪ್ರಯಾಣಿಕರನ್ನು ಹತ್ತಿಸಿಕೊಂಡ ದೊಡ್ಡ ವಿಮಾನಗಳು. ಸ್ವಿಟ್ಜರ್ಲೆಂಡಿನ ತನಿಖೆ ಮುಖ್ಯ ಕಾರಣವೆಂದು ಹೇಳಿದ್ದು ಬೆಟ್ಟಗಳ ನಡುವೆ ಅಪಾಯಕಾರಿಯಾಗಿ ಕೆಳಗೆ ಹಾರಿಸಿದ ಪೈಲಟ್‌ಗಳ ನಡವಳಿಕೆಯನ್ನು. ಇನ್ನೊಂದು ಆಕ್ಷೇಪ ನ್ಯಾಯವಾದದ್ದು: ಸಣ್ಣ ವಿಮಾನಗಳು ಬಹುಪಾಲು ಉರಿಸುವ ಪೆಟ್ರೋಲಿನಲ್ಲಿ ಇನ್ನೂ ಸೀಸ ಇದೆ, ಲೀಟರಿಗೆ ಅರ್ಧ ಗ್ರಾಮಿನಷ್ಟು. ಸೀಸ ಮಕ್ಕಳ ಮಿದುಳಿಗೆ ವಿಷ. ನಮ್ಮ ಕಾರುಗಳ ಪೆಟ್ರೋಲಿನಿಂದ ಅದನ್ನು 2000ದಲ್ಲೇ ತೆಗೆದರು. ಅಮೆರಿಕದವರು 2030ರ ಕೊನೆಗೆ ತೆಗೆಯುತ್ತೇವೆ ಎನ್ನುತ್ತಿದ್ದಾರೆ. ಅಷ್ಟು ಕಾಯುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಕಬ್‌ನಂಥ ಹಳೆಯ ಸಣ್ಣ ಎಂಜಿನುಗಳು ಸೀಸವಿಲ್ಲದ ಪೆಟ್ರೋಲಿನಲ್ಲೂ ಓಡುತ್ತವೆ, ಅದಕ್ಕೆ ಅನುಮತಿ ಪಡೆದು ಹಾಗೆಯೇ ಓಡಿಸುವವರಿದ್ದಾರೆ. ಉಳಿದವರೂ ಹಾಗೆ ಮಾಡಲಿ. ಹವ್ಯಾಸ ಪಕ್ಕದ ಮನೆಯ ಮಗುವಿಗೆ ಕೇಡಾಗಬಾರದು.

ಇದೆಲ್ಲ ಬಿಳಿಯರ ಕಥೆ, ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂಬ ಮಾತು ಕೊನೆಗೆ ಬಂದೇ ಬರುತ್ತದೆ. ಅಂಥವರಿಗೆ ಬೆಂಗಳೂರಿನ ಜಕ್ಕೂರನ್ನು ತೋರಿಸುತ್ತೇನೆ. ಅಲ್ಲಿಯ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಲ್ಲಿ 1949ರಲ್ಲಿ ತರಬೇತಿ ಮುಗಿಸಿದ ಮೊದಲ ಮಹಿಳೆ ಉಷಾ ಸುಂದರಂ. ಆ ಶಾಲೆಯನ್ನು ನಡೆಸಿದವರು ಅವರ ಗಂಡ ವಿ. ಸುಂದರಂ. ಮೈಸೂರು ಮಹಾರಾಜರ ಡಕೋಟಾ ವಿಮಾನವನ್ನು ಗಂಡಹೆಂಡತಿ ಜೊತೆಯಾಗಿ ಹಾರಿಸುತ್ತಿದ್ದರು. ನೆಹರೂ, ಪಟೇಲರು ಆ ದಂಪತಿಗಳ ವಿಮಾನದಲ್ಲಿ ಪ್ರಯಾಣ ಮಾಡಿದರು. 1951ರಲ್ಲಿ ಮದ್ರಾಸ್ ಸರ್ಕಾರಕ್ಕಾಗಿ ಕೊಂಡ ಡವ್ ವಿಮಾನವನ್ನು ಇಬ್ಬರೂ ಸೇರಿ ಇಂಗ್ಲೆಂಡಿನಿಂದ ಬೊಂಬಾಯಿಗೆ 27 ಗಂಟೆಗಳಲ್ಲಿ ತಂದರು, ಅದು ದಾಖಲೆಯಾಯಿತು. ಅದಕ್ಕೂ ಮುಂಚೆ, 1936ರಲ್ಲಿ, ಲಾಹೋರಿನಲ್ಲಿ ಇಪ್ಪತ್ತೊಂದು ವರ್ಷದ ಸರಳಾ ಥಕ್ರಾಲ್ ಸೀರೆ ಉಟ್ಟುಕೊಂಡೇ ಜಿಪ್ಸಿ ಮಾತ್ ಹಾರಿಸಿ ಪರವಾನಗಿ ಪಡೆದರು. ಮನೆಯಲ್ಲಿ ಪುಟ್ಟ ಮಗಳಿದ್ದಳು. ಕಲಿಯಲು ಹುರಿದುಂಬಿಸಿದವರಲ್ಲಿ ಪೈಲಟ್ ಆಗಿದ್ದ ಗಂಡನೂ ಒಬ್ಬರು. 1939ರಲ್ಲಿ ಆ ಗಂಡ ವಿಮಾನ ಬಿದ್ದು ತೀರಿಕೊಂಡ ಮೇಲೂ ಆಕೆ ಮುಂದಿನ ಪರವಾನಗಿಗೆ ಓದಲು ಹೊರಟರು. ಯುದ್ಧ ಬಂದು ತರಬೇತಿ ನಿಂತಿತು. ಆಕೆಯನ್ನು ತಡೆದದ್ದು ಯುದ್ಧ, ಸೀರೆಯಲ್ಲ, ಮಗುವಲ್ಲ, ಅತ್ತೆಮನೆಯಲ್ಲ. ನಮ್ಮ ಅಜ್ಜಿಯರ ಕಾಲದ ಹೆಂಗಸರು ಇವರು. ಸಂಸ್ಕೃತಿಯ ಮಾತಾಡುವವರು ಇವರನ್ನೂ ಲೆಕ್ಕಕ್ಕೆ ಹಿಡಿಯಲಿ.

ನಿಮ್ಮಲ್ಲಿ ಯಾರೂ ನಾಳೆ ವಿಮಾನ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ನಾನೂ ಕೊಳ್ಳಲಾರೆ. ಹಳೆಯ ಗ್ರಾಮಫೋನು ರಿಪೇರಿಯಿರಲಿ, ಗಿಡ ನೆಡುವುದಿರಲಿ, ಬೆಟ್ಟ ಹತ್ತುವುದಿರಲಿ, ಹಳೆಯ ಶಾಸನ ಹುಡುಕಿಕೊಂಡು ಊರೂರು ತಿರುಗುವುದಿರಲಿ, ಯಾವುದಾದರೂ ಆಗಬಹುದು. ಆದರೆ "ನಾವಿಬ್ಬರೂ ಸೇರಿ ಮಾಡುತ್ತೇವೆ" ಎಂದು ಯಾರಾದರೂ ಹೇಳಿದಾಗ ಮೂರು ಪ್ರಶ್ನೆ ಕೇಳಿ. ಕೋಲು ಇಬ್ಬರ ಕೈಯಲ್ಲೂ ಇದೆಯೇ? ಮಾತು ಎರಡೂ ಕಡೆಗೆ ಹೋಗುತ್ತದೆಯೇ? ಸ್ನೇಹಿತರು ಇಬ್ಬರಿಗೂ ಸ್ನೇಹಿತರೇ? ಮೂರಕ್ಕೂ ಹೌದೆಂದರೆ ಅದು ಜೊತೆಯ ಹವ್ಯಾಸ. ಅಲ್ಲವೆಂದರೆ ಅದು ಅವನ ಹವ್ಯಾಸ, ನೀವು ಬುತ್ತಿ ಕಟ್ಟಿಕೊಂಡು ಹೋಗುವವರು. ಹಾಗಿರುವುದನ್ನು ಪುಣ್ಯವೆಂದು ಕರೆಯುವುದನ್ನು ದಯವಿಟ್ಟು ನಿಲ್ಲಿಸೋಣ. ಮನೆಯ ಮುಂದೆ ಕಾರೋ ಸ್ಕೂಟರೋ ನಿಂತಿದ್ದರೆ ಈ ಭಾನುವಾರವೇ ಅದರ ಕೀಲಿ ಕೇಳಿ. ಕಲಿಸುವವರು ಪಕ್ಕದಲ್ಲಿ ಕೂರಲಿ.